ಮೋಡಕ್ಕೆ ಬೈಯುವ ಮೊದಲು ಕನೆಕ್ಟರ್ ಬಿಚ್ಚಿ ನೋಡಿ: ಮಳೆಗಾಲದಲ್ಲಿ ಉಪಗ್ರಹದ ಸಿಗ್ನಲ್ ಹಿಡಿಯುವ ಬಗೆ

ಆಷಾಢದ ಒಂದು ಸಂಜೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಂಗಳದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಯಾಗಿ ಆಂಟೆನಾ (ಪೈಪಿಗೆ ಅಡ್ಡಡ್ಡ ಕಡ್ಡಿ ಕಟ್ಟಿದ್ದು) ಹಿಡಿದು ನಿಂತಿದ್ದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಆ ವಾರ 145.800 ಮೆಗಾಹರ್ಟ್ಸ್‌ನಲ್ಲಿ ಎಸ್‌ಎಸ್‌ಟಿವಿ ಚಿತ್ರಗಳನ್ನು, ಅಂದರೆ ಸದ್ದಿನ ರೂಪದಲ್ಲಿ ಬರುವ ಚಿತ್ರಗಳನ್ನು, ಕಳಿಸುತ್ತಿತ್ತು. ಜಗಲಿಯ ಮೇಲೆ ಕೂತಿದ್ದ ಅಜ್ಜಿ ಕೇಳಿದರು: "ಎಂತದಾ ಅದು, ಮೀನಿನ ಮುಳ್ಳು ಹಿಡ್ಕಂಡು ಮಳೇಲಿ ನಿಂತಿದೀಯ?"

ಫೋನ್‌ನಲ್ಲಿ ಚಿತ್ರ ಬಿಡಿಸಿಕೊಳ್ಳುತ್ತಿತ್ತು. ಮೇಲಿನ ಕಾಲು ಭಾಗ ಹೇಗೋ ಕಂಡಿತು. ಉಳಿದದ್ದೆಲ್ಲ ಬರೀ ಗೀಟು. 'ಈ ಮಳೆಯಲ್ಲಿ ಇನ್ನೇನು ಬರುತ್ತೆ' ಅಂತ ಒಳಗೆ ಬಂದೆ. ಮೂರು ದಿನ ಬಿಟ್ಟು ಬಿಸಿಲು ಬಂತು. ಅದೇ ಎತ್ತರದ ಪಾಸ್ (ಉಪಗ್ರಹ ನಮ್ಮ ಆಕಾಶವನ್ನು ಒಮ್ಮೆ ದಾಟುವುದು), ಅದೇ ಗೀಟು. ಆಗ ಅನುಮಾನ ಬಂದು ಆಂಟೆನಾ ಬುಡದ ಕನೆಕ್ಟರ್ ಬಿಚ್ಚಿದೆ. ಒಂದು ಚಮಚ ನೀರು ಅಂಗೈಗೆ ಬಿತ್ತು. ಕೇಬಲ್ ಸಿಪ್ಪೆ ಸುಲಿದು ನೋಡಿದರೆ ಒಳಗಿನ ತಾಮ್ರದ ಜಾಲರಿ ಒಂದು ಮೊಳದಷ್ಟು ಉದ್ದ ಕಪ್ಪಗಾಗಿತ್ತು. ಆಂಟೆನಾವನ್ನು ಸೂರಿನ ನೀರು ಬೀಳುವ ಜಾಗದಲ್ಲಿ ಒರಗಿಸಿಟ್ಟಿದ್ದವನು ನಾನೇ. ಬೈಸಿಕೊಂಡಿದ್ದು ಮಾತ್ರ ಮೋಡ.

ಹವಾಮಾನದಿಂದ ಸಿಗ್ನಲ್ ಕೆಡುವುದು ನಿಜ. ಆದರೆ ನಾವು ಅಂದುಕೊಂಡ ಜಾಗದಲ್ಲಿ ಕೆಡುವುದು ಕಡಿಮೆ. ಎಲ್ಲಿ ಕೆಡುತ್ತದೆ, ಹೇಗೆ ಕಂಡುಹಿಡಿಯಬೇಕು, ಆಂಟೆನಾ ಹೇಗಿರಬೇಕು ಅಂತ ಒಂದೊಂದಾಗಿ ಹೇಳುತ್ತೇನೆ. ಇಲ್ಲಿರುವುದೆಲ್ಲ ಬರೀ ಕೇಳುವವರಿಗೆ. ಉಪಗ್ರಹದ ಮೂಲಕ ಮಾತಾಡಬೇಕಾದರೆ ಪರೀಕ್ಷೆ ಬರೆದು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ತೆಗೆದುಕೊಳ್ಳಲೇಬೇಕು.

ಮೊದಲು ಬ್ಯಾಂಡ್ ನೋಡಿ, ಆಮೇಲೆ ಆಕಾಶ

ನೀವು ಕೇಳಬೇಕೆಂದಿರುವ ಉಪಗ್ರಹ ಯಾವ ಫ್ರೀಕ್ವೆನ್ಸಿಯಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಾಹ್ಯಾಕಾಶ ನಿಲ್ದಾಣದ ಮಾತು ಮತ್ತು ಚಿತ್ರ 145.800ರಲ್ಲಿ, ಅದರ ರಿಪೀಟರ್ (ಕೆಳಗಿನಿಂದ ಬಂದ ಮಾತನ್ನು ಮತ್ತೆ ಕೆಳಗೆ ಕಳಿಸುವುದು) 437.800ರಲ್ಲಿ. 2002ರ ಡಿಸೆಂಬರ್‌ನಲ್ಲಿ ಹಾರಿದ ಪುಟ್ಟ ಹ್ಯಾಮ್ ಉಪಗ್ರಹ ಎಸ್‌ಒ-50ರ ಧ್ವನಿ 436.795ರಲ್ಲಿ. ರಷ್ಯಾದ ಮೀಟಿಯರ್ ಹವಾಮಾನ ಉಪಗ್ರಹಗಳ ಮೋಡದ ಚಿತ್ರ 137.1 ಅಥವಾ 137.9ರಲ್ಲಿ. ಮೀಟಿಯರ್ ಹ್ಯಾಮ್ ಉಪಗ್ರಹ ಅಲ್ಲ, ಆದರೆ ಆಂಟೆನಾ ಕಲಿಯುವವರಿಗೆ ಅದಕ್ಕಿಂತ ಒಳ್ಳೆ ಮೇಷ್ಟ್ರಿಲ್ಲ. ಹಳೆಯ ಲೇಖನಗಳಲ್ಲಿ ಅಮೆರಿಕದ ಹವಾಮಾನ ಉಪಗ್ರಹಗಳಾದ ನೋವಾ-15, 18, 19 ಅಂತ ಓದಿರುತ್ತೀರಿ. ಅವುಗಳಲ್ಲಿ ಕೊನೆಯದನ್ನೂ 2025ರ ಆಗಸ್ಟ್‌ನಲ್ಲಿ ನಿಲ್ಲಿಸಿಬಿಟ್ಟರು. ಅವುಗಳಿಗಾಗಿ ತಾರಸಿ ಹತ್ತಬೇಡಿ.

ಮೇಲಿನವೆಲ್ಲ ವಿಎಚ್‌ಎಫ್, ಯುಎಚ್‌ಎಫ್. ಈ ಬ್ಯಾಂಡ್‌ಗಳ ಅಲೆ ದೊಡ್ಡದು: 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಮೀಟರ್, 437ರಲ್ಲಿ ಸುಮಾರು 70 ಸೆಂಟಿಮೀಟರ್. ಮಳೆಹನಿ ಕೆಲವೇ ಮಿಲಿಮೀಟರ್. ಅಲೆಗೆ ಹನಿ ಲೆಕ್ಕಕ್ಕೇ ಬರುವುದಿಲ್ಲ. ಗಂಟೆಗೆ 100 ಮಿಲಿಮೀಟರ್ ಸುರಿಯುವ ಜಡಿಮಳೆಯನ್ನು ಹತ್ತು ಕಿಲೋಮೀಟರ್ ದಾಟಿ ಬಂದರೂ ಕಳೆದುಹೋಗುವುದು ಒಂದು ಡೆಸಿಬೆಲ್‌ನ (ಸಿಗ್ನಲ್ ಏರಿಳಿತದ ಅಳತೆ) ನೂರರಲ್ಲಿ ಮೂರು ಪಾಲೂ ಅಲ್ಲ. ಅಷ್ಟು ಕಮ್ಮಿಯಾದರೆ ಯಾರ ಕಿವಿಗೂ ಗೊತ್ತಾಗುವುದಿಲ್ಲ. ಮೋಡ, ಮಂಜು ಇವುಗಳದ್ದೂ ಇದೇ ಕಥೆ.

ಹಾಗಾದರೆ ಸಿಗ್ನಲ್ ಏರಿಳಿಯುವುದು ಯಾಕೆ? ಮುಖ್ಯ ಕಾರಣ ದೂರ. ಬಾಹ್ಯಾಕಾಶ ನಿಲ್ದಾಣ ನೆತ್ತಿಯ ಮೇಲಿದ್ದಾಗ ನಿಮಗೂ ಅದಕ್ಕೂ ಸುಮಾರು 420 ಕಿಲೋಮೀಟರ್. ದಿಗಂತದಲ್ಲಿದ್ದಾಗ ಹತ್ತಿರ ಹತ್ತಿರ 2,350 ಕಿಲೋಮೀಟರ್. ಐದೂವರೆ ಪಟ್ಟು ದೂರ ಅಂದರೆ ಸುಮಾರು ಮೂವತ್ತು ಪಟ್ಟು ಸಣ್ಣ ಸಿಗ್ನಲ್. ಪಾಸ್‌ನ ಶುರುವಿನಲ್ಲಿ ಮತ್ತು ಕೊನೆಯಲ್ಲಿ ಚಿತ್ರ ಗೀಟುಗೀಟಾಗಿ, ನಡುವೆ ಸ್ವಚ್ಛವಾಗಿ ಬಂದರೆ ನಿಮ್ಮ ಸೆಟ್ಟಿಂಗ್‌ನಲ್ಲಿ ಏನೂ ದೋಷವಿಲ್ಲ. ನಡುವೆಯೂ ಕೆಟ್ಟಿದ್ದರೆ ಮುಂದೆ ಓದಿ.

ಆಂಟೆನಾ: ಇಂಚು ಟೇಪು, ಪೈಪು ಸಾಕು

ನಿಲ್ದಾಣ ನೆತ್ತಿಯ ಮೇಲೆ ಬಂದಾಗ ವಾಕಿಟಾಕಿಯ ರಬ್ಬರ್ ಆಂಟೆನಾದಲ್ಲೇ ಎರಡು ಮೂರು ನಿಮಿಷ ಕೇಳಿಸುತ್ತದೆ. ಪೂರ್ತಿ ಪಾಸ್ ಬೇಕಾದರೆ ಕೈಯಲ್ಲಿ ಹಿಡಿದು ತಿರುಗಿಸುವ ಮೂರು ಕಡ್ಡಿಯ ಯಾಗಿ ಮಾಡಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯ ಸ್ಟೀಲ್ ಇಂಚು ಟೇಪು ಕತ್ತರಿಸಿ, ಅರ್ಧ ಇಂಚಿನ ಪಿವಿಸಿ ಪೈಪಿಗೆ ಹೋಸ್ ಕ್ಲಿಪ್ ಹಾಕಿ ಬಿಗಿಯುವ ಈ ಅಳತೆ ಹ್ಯಾಮ್‌ಗಳ ನಡುವೆ ಬಹಳ ವರ್ಷದಿಂದ ಓಡಾಡುತ್ತಿದೆ:

ಹಿಂದಿನ ಕಡ್ಡಿ, ಅಂದರೆ ರಿಫ್ಲೆಕ್ಟರ್: 105 ಸೆಂ.ಮೀ.
ನಡುವಿನದು, ಕೇಬಲ್ ಸೇರುವುದು: ತಲಾ 45 ಸೆಂ.ಮೀ.ನ ಎರಡು ತುಂಡು, ನಡುವೆ ಎರಡೂವರೆ ಸೆಂ.ಮೀ. ಸಂದು.
ಮುಂದಿನದು, ಅಂದರೆ ಡೈರೆಕ್ಟರ್: 89 ಸೆಂ.ಮೀ.
ಹಿಂದಿನದಕ್ಕೂ ನಡುವಿನದಕ್ಕೂ 20 ಸೆಂ.ಮೀ., ನಡುವಿನದಕ್ಕೂ ಮುಂದಿನದಕ್ಕೂ 32 ಸೆಂ.ಮೀ.

ನಡುವಿನ ಎರಡು ತುಂಡುಗಳಿಗೆ ಅಡ್ಡಲಾಗಿ 13 ಸೆಂ.ಮೀ. ತಾಮ್ರದ ತಂತಿಯನ್ನು ಹೇರ್‌ಪಿನ್ ಹಾಗೆ 'ಯು' ಆಕಾರದಲ್ಲಿ ಬಗ್ಗಿಸಿ ಬೆಸುಗೆ ಹಾಕಬೇಕು. ಕೇಬಲ್‌ನ ಒಳತಂತಿ ಒಂದು ತುಂಡಿಗೆ, ಜಾಲರಿ ಇನ್ನೊಂದಕ್ಕೆ. ಟೇಪಿನ ಬಣ್ಣ ಹೋಗುವವರೆಗೆ ಮರಳು ಕಾಗದದಲ್ಲಿ ಉಜ್ಜಿ. ಇಲ್ಲದಿದ್ದರೆ ಬೆಸುಗೆ ಹಿಡಿಯುವುದಿಲ್ಲ, ಹಿಡಿದ ಹಾಗೆ ನಟಿಸುತ್ತದೆ. ಉಜ್ಜಿದ ಜಾಗಕ್ಕೆ ಕೊನೆಯಲ್ಲಿ ಉಗುರುಬಣ್ಣ ಬಳಿದುಬಿಡಿ. ಮಲೆನಾಡಿನಲ್ಲಿ ಒಂದೇ ವಾರಕ್ಕೆ ಅಲ್ಲಿಂದ ತುಕ್ಕು ಶುರುವಾಗುತ್ತದೆ. ನನ್ನ ಆಂಟೆನಾಕ್ಕೆ ಹಚ್ಚಿರುವುದು ತಂಗಿಯ ಕೆಂಪು ಬಣ್ಣ.

ಇದಕ್ಕಿಂತ ದೊಡ್ಡದು ಬೇಕು ಅನ್ನಿಸುತ್ತದೆ, ಎಲ್ಲರಿಗೂ ಅನ್ನಿಸುತ್ತದೆ. ಕಡ್ಡಿ ಜಾಸ್ತಿಯಾದಷ್ಟೂ ಆಂಟೆನಾದ ನೋಟ ಕಿರಿದಾಗುತ್ತದೆ. ಸೆಕೆಂಡಿಗೆ ಏಳೂವರೆ ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಓಡುವ ವಸ್ತುವಿನ ಹಿಂದೆ ಕೈಯಲ್ಲಿ ಹನ್ನೊಂದು ಕಡ್ಡಿಯ ಯಾಗಿ ಹಿಡಿದು ತಿರುಗುವುದು, ಅದೂ ಆಷಾಢದ ಗಾಳಿಯಲ್ಲಿ, ಕೈಲಾಗದ ಮಾತು. ಮೂರು ಕಡ್ಡಿಯದ್ದು ಇಪ್ಪತ್ತು ಡಿಗ್ರಿ ಆಚೀಚೆ ಹೋದರೂ ಕ್ಷಮಿಸುತ್ತದೆ.

ಮುಖ್ಯವಾದದ್ದು ಮಣಿಕಟ್ಟು. ಉಪಗ್ರಹದಿಂದ ಬರುವ ಅಲೆಯ ಓರೆ ಒಂದೇ ಸಮ ಇರುವುದಿಲ್ಲ. ಉಪಗ್ರಹ ತಾನೇ ತಿರುಗುತ್ತಿರುತ್ತದೆ, ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರವಾದ ಅಯಾನುಗೋಳವೂ 145ರ ಅಲೆಯನ್ನು ತಿರುಚುತ್ತದೆ. ಅಲೆ ನಿಂತ ಹಾಗಿದ್ದು ನಿಮ್ಮ ಕಡ್ಡಿ ಮಲಗಿದ್ದರೆ ನೂರರಲ್ಲಿ ಒಂದು ಪಾಲೂ ಬರದೇ ಇರಬಹುದು. ಹಾಗಾಗಿ ಧ್ವನಿ ಕ್ಷೀಣಿಸಿದ ತಕ್ಷಣ ಆಂಟೆನಾದ ದಿಕ್ಕು ಬದಲಿಸಬೇಡಿ. ಅದೇ ದಿಕ್ಕಿನಲ್ಲಿ ಹಿಡಿದುಕೊಂಡು, ಬೀಗದ ಕೈ ತಿರುಗಿಸಿದ ಹಾಗೆ ಮಣಿಕಟ್ಟನ್ನು ಕಾಲು ಸುತ್ತು ತಿರುಗಿಸಿ. ಹತ್ತರಲ್ಲಿ ಎಂಟು ಸಲ ಧ್ವನಿ ವಾಪಸ್ ಬರುತ್ತದೆ. ಹೊಸಬರು ಸಿಗ್ನಲ್ ಕಳೆದುಕೊಳ್ಳುವುದು ಮಳೆಗೂ ಅಲ್ಲ, ದೂರಕ್ಕೂ ಅಲ್ಲ, ಇದಕ್ಕೇ.

ಮೀಟಿಯರ್‌ಗೆ ಕೈಯಲ್ಲಿ ಹಿಡಿಯುವ ಕಷ್ಟವಿಲ್ಲ. ತಲಾ 53 ಸೆಂ.ಮೀ. ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ 'ವಿ' ಹಾಗೆ ಮಾಡಿ, ನೆಲಕ್ಕೆ ಸಮನಾಗಿ ಮಲಗಿಸಿ, 'ವಿ'ಯ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ ಬರುವಂತೆ ಕಂಬಕ್ಕೆ ಕಟ್ಟಿದರೆ ಆಯಿತು. ಈ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಓಡುತ್ತವೆ, ಅದಕ್ಕೆ ಆ ದಿಕ್ಕು.

ಕೇಬಲ್: ಗಂಟು ಇರುವುದೇ ಇಲ್ಲಿ

ಆಂಟೆನಾ ಹಿಡಿದದ್ದನ್ನು ಕೇಬಲ್ ತಿನ್ನುತ್ತದೆ. ಎಲ್ಲರೂ ಕೊಳ್ಳುವ ತೆಳು ಆರ್‌ಜಿ-58 ಹತ್ತು ಮೀಟರ್ ಇದ್ದರೆ 145ರಲ್ಲಿ ಸುಮಾರು 2 ಡೆಸಿಬೆಲ್, 437ರಲ್ಲಿ ಸುಮಾರು 4 ಡೆಸಿಬೆಲ್ ನುಂಗುತ್ತದೆ. 4 ಡೆಸಿಬೆಲ್ ಅಂದರೆ ಅರ್ಧಕ್ಕಿಂತ ಜಾಸ್ತಿ ಸಿಗ್ನಲ್ ಹೋಯಿತು. ಬರೀ ಕೇಳುವುದಕ್ಕಾದರೆ ಡಿಟಿಎಚ್‌ಗೆ ಎಳೆಯುವ ಆರ್‌ಜಿ-6 ಕೇಬಲ್ಲೇ ವಾಸಿ. ಅದೇ ಉದ್ದಕ್ಕೆ ಅದು ತಿನ್ನುವುದು ಇದರ ಅರ್ಧಕ್ಕಿಂತ ಕಡಿಮೆ. ಅದು 75 ಓಮ್, ರೇಡಿಯೋ 50 ಓಮ್ ಅಲ್ವಾ ಅಂತ ಕೇಳುತ್ತೀರಿ. ಹೌದು. ಆ ಹೊಂದಾಣಿಕೆ ತಪ್ಪಿದ್ದಕ್ಕೆ ಹೋಗುವುದು 0.2 ಡೆಸಿಬೆಲ್ಲೂ ಇಲ್ಲ. ಪ್ರಸಾರ ಮಾಡುವವರ ತಲೆನೋವು ಅದು, ಕೇಳುವವರದ್ದಲ್ಲ.

ಎಲ್‌ಎನ್‌ಎ, ಅಂದರೆ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಪೆಟ್ಟಿಗೆ, ಕೊಳ್ಳುವುದಾದರೆ ಅದನ್ನು ಆಂಟೆನಾ ಪಕ್ಕದಲ್ಲೇ ಹಾಕಿ, ರೇಡಿಯೋ ಪಕ್ಕದಲ್ಲಲ್ಲ. ಕೇಬಲ್ ತಿಂದಮೇಲೆ ಉಳಿದದ್ದನ್ನು ದೊಡ್ಡದು ಮಾಡಿದರೆ ಕೊರಕೊರ ಸದ್ದೂ ಜೊತೆಗೇ ದೊಡ್ಡದಾಗುತ್ತದೆ. ಬೆಂಗಳೂರಿನಂಥ ಊರಲ್ಲಿ 137ಕ್ಕೆ ಎಲ್‌ಎನ್‌ಎ ಹಾಕುವವರು ಎಫ್‌ಎಂ ಕೇಂದ್ರಗಳನ್ನು ತಡೆಯುವ ಫಿಲ್ಟರ್ ಕೂಡ ಹಾಕಬೇಕು. ಇಲ್ಲದಿದ್ದರೆ ಉಪಗ್ರಹದ ಜಾಗದಲ್ಲಿ ಸಿನಿಮಾ ಹಾಡು ಬರುತ್ತದೆ.

ಇನ್ನು ನೀರು. ಕೇಬಲ್‌ನ ಜಾಲರಿ ದೀಪದ ಬತ್ತಿ ಇದ್ದ ಹಾಗೆ. ತುದಿಗೆ ಒಂದು ಹನಿ ತಾಗಿದರೆ ಒಳಗೆ ಎಳೆದುಕೊಂಡು ಹೋಗುತ್ತದೆ. ಬಿಸಿಲಿಗೆ ಅದು ಹೊರಗೆ ಬರುವುದಿಲ್ಲ. ತಾಮ್ರ ಕಪ್ಪಾಗಿ, ಹಸಿರಾಗಿ, ಮುಂದಿನ ಬೇಸಿಗೆಯಲ್ಲೂ ಸಿಗ್ನಲ್ ತಿನ್ನುತ್ತಲೇ ಇರುತ್ತದೆ. ಹೊರಗಿನ ಪ್ರತಿ ಕನೆಕ್ಟರ್‌ಗೂ ಇಷ್ಟು ಮಾಡಿ:

1. ಒಣಗಿದ ದಿನ ನೋಡಿ ಕೆಲಸ ಶುರು ಮಾಡಿ. ಕನೆಕ್ಟರ್ ಕೈಯಿಂದ ಬಿಗಿದು, ಮೇಲೆ ಒಂದು ಸುತ್ತು ಮಾಮೂಲಿ ಎಲೆಕ್ಟ್ರಿಕ್ ಟೇಪ್ ಹಾಕಿ. ಮುಂದೆ ಬಿಚ್ಚುವಾಗ ಕನೆಕ್ಟರ್‌ಗೆ ಅಂಟು ಹಿಡಿದಿರಬಾರದು, ಅದಕ್ಕೆ ಇದು.

2. ಅದರ ಮೇಲೆ ರಬ್ಬರ್ ಟೇಪ್. ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಂಡು ಒಂದೇ ತುಂಡಾಗುವ ಟೇಪ್ ಇದು. ಅಗಲ ಅರ್ಧ ಆಗುವಷ್ಟು ಎಳೆಯಿರಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಸುತ್ತುತ್ತಾ ಹೋಗಿ. ಮಂಗಳೂರು ಹೆಂಚು ಹೊದಿಸುವುದು ಹೇಗೆ? ಕೆಳಗಿನ ಸಾಲಿನ ಮೇಲೆ ಮೇಲಿನ ಸಾಲು. ಇದೂ ಹಾಗೆಯೇ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಸುತ್ತೂ ನೀರು ನಿಲ್ಲುವ ತೊಟ್ಟಿ.

3. ಕೊನೆಗೆ ಬಿಸಿಲು ತಡೆಯಲು ಇನ್ನೊಂದು ಪದರ ಎಲೆಕ್ಟ್ರಿಕ್ ಟೇಪ್. ಇದು ವರ್ಷಕ್ಕೊಮ್ಮೆ ಅಂಟಂಟಾಗುತ್ತದೆ, ಬದಲಿಸಿ.

4. ಕನೆಕ್ಟರ್‌ನಿಂದ ಹೊರಟ ಕೇಬಲ್ ಮೊದಲು ಕೆಳಗೆ ಇಳಿದು, ಜೋಲಿ ಬಿಟ್ಟು, ಆಮೇಲೆ ಮೇಲೇರಲಿ. ಕೇಬಲ್ ಮೇಲೆ ಹರಿದು ಬಂದ ನೀರು ಜೋಲಿಯ ತುದಿಯಲ್ಲಿ ತೊಟ್ಟಿಕ್ಕಿ ಬೀಳುತ್ತದೆ. ಕಿಟಕಿಯಲ್ಲಿ ಒಳಬರುವ ಜಾಗಕ್ಕೂ ಇದೇ ನಿಯಮ.

5. ಪಿವಿಸಿ ಪೈಪಿನ ತಳದಲ್ಲಿ ಒಂದು ಸಣ್ಣ ತೂತು ಕೊರೆಯಿರಿ. ಮೇಲೆ ಎಷ್ಟೇ ಮುಚ್ಚಿದರೂ ರಾತ್ರಿ ತಣ್ಣಗಾದಾಗ ಒಳಗೆ ಬೆವರುತ್ತದೆ. ಆ ನೀರು ಹೋಗಲು ದಾರಿ ಬೇಕು.

ಕೆಲವರು ಸಿಲಿಕೋನ್ ಮೆತ್ತುತ್ತಾರೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ತಾಮ್ರವನ್ನೇ ತಿನ್ನುತ್ತದೆ, ಅದು ಬೇಡ. ಎಂ-ಸೀಲ್ ಹಾಕಿದರೆ ಮತ್ತೆ ಬಿಚ್ಚುವ ಆಸೆ ಬಿಟ್ಟುಬಿಡಿ. ನಲ್ಲಿಗೆ ಸುತ್ತುವ ಬಿಳಿ ಟೇಪ್ ಇಲ್ಲಿ ಯಾವ ಕೆಲಸಕ್ಕೂ ಬಾರದು.

ನೀರು ಹೋಗಿದೆಯೋ ಇಲ್ಲವೋ ನೋಡುವುದು ಸುಲಭ. ಕೇಬಲ್‌ನ ಎರಡೂ ತುದಿ ಬಿಚ್ಚಿ, ಮಲ್ಟಿಮೀಟರ್ ಅನ್ನು ದೊಡ್ಡ ಓಮ್ ರೇಂಜ್‌ಗೆ ಇಟ್ಟು, ಒಳತಂತಿಗೂ ಜಾಲರಿಗೂ ಹಿಡಿಯಿರಿ. ಮೀಟರ್ ಏನೂ ತೋರಿಸಬಾರದು. ಕಿಲೋ ಓಮ್, ಮೆಗಾ ಓಮ್ ಅಂತ ಅಂಕಿ ಓಡಾಡುತ್ತಿದ್ದರೆ ಒಳಗೆ ತೇವ ಇದೆ. ಆಂಟೆನಾ ಬಿಚ್ಚದೆ ಅಳೆದರೆ ಮೋಸ ಹೋಗುತ್ತೀರಿ, ಮೇಲೆ ಹೇಳಿದ ಹೇರ್‌ಪಿನ್ ತಂತಿ ಶಾರ್ಟ್ ಅಂತಲೇ ತೋರಿಸುತ್ತದೆ. ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಇರುವವರಿಗೆ ಇನ್ನೊಂದು ಮೋಸ ಕಾದಿದೆ. ಒದ್ದೆಯಾದ ಕೇಬಲ್ ಹೋಗುವಾಗಲೂ ಬರುವಾಗಲೂ ಸಿಗ್ನಲ್ ತಿನ್ನುವುದರಿಂದ ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ವಾಪಸ್ ಬರುವ ಸಿಗ್ನಲ್‌ನ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ! ಮಳೆ ಬಂದಮೇಲೆ ಎಸ್‌ಡಬ್ಲ್ಯೂಆರ್ ಇದ್ದಕ್ಕಿದ್ದಂತೆ ಸುಧಾರಿಸಿದರೆ ಖುಷಿಪಡಬೇಡಿ, ಕೇಬಲ್ ಬದಲಿಸಿ.

ಪಾಸ್‌ನ ದಿನ

ಲುಕ್4ಸ್ಯಾಟ್, ಹೆವೆನ್ಸ್ ಅಬೋವ್ ಇಂಥ ಯಾವುದಾದರೂ ಆ್ಯಪ್‌ನಲ್ಲಿ ನಿಮ್ಮ ಜಾಗ ಕೊಟ್ಟು ಮುಂದಿನ ಪಾಸ್‌ಗಳನ್ನು ನೋಡಿ. ಗರಿಷ್ಠ ಎತ್ತರ 40 ಡಿಗ್ರಿಗಿಂತ ಜಾಸ್ತಿ ಇರುವುದನ್ನು ಮೊದಲು ಆರಿಸಿಕೊಳ್ಳಿ. ಕರ್ನಾಟಕದಿಂದ ನೋಡುವಾಗ ಬಾಹ್ಯಾಕಾಶ ನಿಲ್ದಾಣ ನೈಋತ್ಯದಿಂದ ಈಶಾನ್ಯಕ್ಕೋ ವಾಯವ್ಯದಿಂದ ಆಗ್ನೇಯಕ್ಕೋ ಹೋಗುತ್ತದೆ. ಎಲ್ಲಿ ಏಳುತ್ತದೆ, ಎಲ್ಲಿ ಮುಳುಗುತ್ತದೆ ಅಂತ ಅಂಗಳದಲ್ಲಿ ನಿಂತು ಮರ, ಕಂಬದ ಗುರುತು ಇಟ್ಟುಕೊಳ್ಳಿ. ಪಾಸ್ ನಡೆಯುವಾಗ ಫೋನ್ ನೋಡುತ್ತಾ ಕೂತರೆ ಕೈ ಎತ್ತಲೋ ಹೋಗಿರುತ್ತದೆ.

ರೇಡಿಯೋದ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಅಡಗಿಸುವುದು) ಪೂರ್ತಿ ತೆಗೆದುಬಿಡಿ. ಸುಮ್ನೆ ಶ್ಶ್ ಅಂತ ಕೇಳುತ್ತಿರಲಿ. ಆ ಶ್ಶ್ ತಗ್ಗುವುದೇ ಉಪಗ್ರಹ ಬಂದ ಸೂಚನೆ. 145.800ರಲ್ಲಿ ಡಾಪ್ಲರ್‌ನಿಂದ, ಅಂದರೆ ಉಪಗ್ರಹದ ಓಟದಿಂದ, ಫ್ರೀಕ್ವೆನ್ಸಿ ಸರಿಯುವುದು ಹೆಚ್ಚೆಂದರೆ 3.5 ಕಿಲೋಹರ್ಟ್ಸ್, ಮುಟ್ಟದೇ ಬಿಟ್ಟರೂ ನಡೆಯುತ್ತದೆ. 437.800ರಲ್ಲಿ ಮಾತ್ರ 437.810ರಿಂದ ಶುರು ಮಾಡಿ ಐದೈದು ಕಿಲೋಹರ್ಟ್ಸ್ ಇಳಿಸುತ್ತಾ ಬಂದು 437.790ಕ್ಕೆ ಮುಗಿಸಬೇಕು. ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರನ್ನೇ ರೇಡಿಯೋ ಮಾಡುವ ಯುಎಸ್‌ಬಿ ಕಡ್ಡಿ) ಬಳಸುವವರು ಇನ್ನೊಂದು ಹವಾಮಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಬಿಸಿಲು. ಕಡಿಮೆ ಬೆಲೆಯ ಡಾಂಗಲ್ ತಾರಸಿಯ ಬಿಸಿಲಿನಲ್ಲಿ ಕಾದಷ್ಟೂ ಅದರ ಫ್ರೀಕ್ವೆನ್ಸಿ ಸರಿಯುತ್ತಾ ಹೋಗುತ್ತದೆ. ಅದನ್ನು ಹತ್ತು ಹದಿನೈದು ನಿಮಿಷ ಮೊದಲೇ ನೆರಳಿನಲ್ಲಿ ಆನ್ ಮಾಡಿಡಿ.

ಎಸ್‌ಎಸ್‌ಟಿವಿಯ ಪಿಡಿ120 ಎನ್ನುವ ಬಗೆಯ ಚಿತ್ರವೊಂದಕ್ಕೆ ಎರಡು ನಿಮಿಷ ಬೇಕು, ನಡುವೆ ಬಿಡುವೂ ಇರುತ್ತದೆ. ಹತ್ತು ನಿಮಿಷದ ಪಾಸ್‌ನಲ್ಲಿ ಎರಡು ಒಳ್ಳೆ ಚಿತ್ರ ಸಿಕ್ಕರೆ ಹಬ್ಬ.

ಸದ್ದು ಕೇಳಿ ಕಳ್ಳನನ್ನು ಹಿಡಿಯಿರಿ

ಮಳೆ ಬಂದಾಗಲೇ ಸಿಗ್ನಲ್ ಕೆಡುತ್ತದೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಮಳೆಯ ಜೊತೆ ಬೇರೆ ಏನೇನೋ ಬರುತ್ತದೆ. ಹಳ್ಳಿಯಲ್ಲಿ ಮಳೆ ಬಂತು ಅಂದರೆ ಕರೆಂಟ್ ಹೋಯಿತು. ಕರೆಂಟ್ ಹೋಯಿತು ಅಂದರೆ ಇನ್ವರ್ಟರ್ ಶುರುವಾಯಿತು. ಇನ್ವರ್ಟರ್ ಶುರುವಾದರೆ ರೇಡಿಯೋದಲ್ಲಿ ಜುಂಯ್ ಅಂತ ಒಂದೇ ಸಮ ಗದ್ದಲ. ನಾನು ವರ್ಷಗಟ್ಟಲೆ ಈ ಗದ್ದಲವನ್ನು ಮಳೆಯ ಖಾತೆಗೆ ಬರೆದಿದ್ದೆ. ಇನ್ವರ್ಟರ್ ಆರಿಸಿ, ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯಲ್ಲೇ ಓಡಿಸಿ ನೋಡಿ. ಊರಿಗೆ ಊರೇ ಕತ್ತಲಾದ ಮಳೆರಾತ್ರಿಯಲ್ಲಿ ಎಲ್‌ಇಡಿ ಬಲ್ಬಿಲ್ಲ, ಚಾರ್ಜರ್ ಇಲ್ಲ, ಟಿವಿ ಇಲ್ಲ. ವರ್ಷದಲ್ಲಿ ರೇಡಿಯೋ ಅಷ್ಟು ಶಾಂತವಾಗಿರುವುದು ಆಗ ಮಾತ್ರ.

ಸೆಕೆಂಡಿಗೊಂದರಂತೆ ಟಿಕ್, ಟಿಕ್ ಅಂತ ಕೇಳಿಸಿದರೆ ಅಕ್ಕಪಕ್ಕದ ತೋಟದಲ್ಲಿ ಸೋಲಾರ್ ಬೇಲಿ ಇದೆಯಾ ನೋಡಿ. ಒದ್ದೆ ಹುಲ್ಲು ತಂತಿಗೆ ತಾಗಿದಲ್ಲಿ ಕಿಡಿ ಹಾರುತ್ತದೆ, ಅದೇ ಆ ಸದ್ದು. ಹುಲ್ಲು ಸವರಿದರೆ ನಿಲ್ಲುತ್ತದೆ. ತುಂತುರು ಬಂದಾಗ ಮಾತ್ರ ಬರುವ ಚರಚರ ಸದ್ದು ಧೂಳು ಕೂತ ವಿದ್ಯುತ್ ಕಂಬದ ಪಿಂಗಾಣಿಯದ್ದು. ಜೋರು ಮಳೆ ಅದನ್ನು ತೊಳೆದುಹಾಕಿದರೆ ತಾನೇ ಹೋಗುತ್ತದೆ. ಮಳೆಯ ಹೊಡೆತದ ಜೊತೆಗೇ ಏರಿ ಇಳಿಯುವ ಹಿಸ್ ಸದ್ದು ಕೇಳಿಸಿದರೆ ಅದು ಹನಿಗಳು ಹೊತ್ತು ತರುವ ವಿದ್ಯುತ್ತಿನದ್ದು. ಅಪರೂಪ, ಹೇರ್‌ಪಿನ್ ಇರುವ ಆಂಟೆನಾದಲ್ಲಿ ಇನ್ನೂ ಅಪರೂಪ.

ಸದ್ದೇ ಇಲ್ಲದ ಕಳ್ಳ ಒಬ್ಬನಿದ್ದಾನೆ: ಎಲೆ. ಒಣ ಎಲೆಗಿಂತ ಒದ್ದೆ ಎಲೆ 437ರ ಸಿಗ್ನಲ್ಲನ್ನು ಜಾಸ್ತಿ ತಡೆಯುತ್ತದೆ. ಅಡಿಕೆ ತೋಟದ ನಡುವಿನ ಮನೆಯಲ್ಲಿ ಜನವರಿಯಲ್ಲಿ 15 ಡಿಗ್ರಿಯಿಂದಲೇ ಕೇಳುತ್ತಿದ್ದ ಉಪಗ್ರಹ ಜುಲೈನಲ್ಲಿ 30 ದಾಟುವವರೆಗೆ ಕೇಳಿಸದಿದ್ದರೆ ಅದರ ಕೈವಾಡವೇ. ಮದ್ದು ಇಷ್ಟೆ, ತೆರೆದ ಗದ್ದೆ ಬದುವಿಗೆ ನಡೆದುಹೋಗಿ.

ನಕ್ಷತ್ರ ಕಾಣುವ ರಾತ್ರಿಯೇ ಸಿಗ್ನಲ್ ಕುಣಿದರೆ

ಇದು ನನಗೆ ಬಹಳ ಕಾಲ ಒಗಟಾಗಿತ್ತು. ಮಳೆಯಲ್ಲಿ ಚೆನ್ನಾಗಿ ಬಂದ ಸಿಗ್ನಲ್, ಸೆಪ್ಟೆಂಬರ್ ಕೊನೆಯ ಒಂದು ತಿಳಿಯಾದ ರಾತ್ರಿ ಒಂಬತ್ತು ಗಂಟೆಗೆ ಗಾಳಿಗೆ ಸಿಕ್ಕ ದೀಪದ ಹಾಗೆ ಪಟಪಟ ಅಂತ ನಡುಗುತ್ತಿತ್ತು. ಕನೆಕ್ಟರ್ ಬಿಚ್ಚಿ ನೋಡಿದೆ, ಒಣಗಿತ್ತು.

ಕಾರಣ ಮೋಡಗಳಿಗಿಂತ ಎಷ್ಟೋ ಮೇಲಿದೆ. ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾವನ್ನು ಆರಿಸಿಕೊಂಡದ್ದೂ ಇದೇ ಕಾರಣಕ್ಕೆ. ಈ ಪಟ್ಟಿಯಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಗೋಳದ ಕೆಳಭಾಗ ಕರಗಿ ಮೇಲಿನ ಪದರ ಇನ್ನೂ ಮೇಲಕ್ಕೇರುತ್ತದೆ. ಆಗ ಅಂಬಲಿ ಕುದಿಯುವಾಗ ತಳದಿಂದ ಗುಳ್ಳೆ ಏಳುವ ಹಾಗೆ ತೆಳುವಾದ ಪ್ಲಾಸ್ಮಾದ (ವಿದ್ಯುದಾವೇಶ ಇರುವ ಅನಿಲದ) ಗುಳ್ಳೆಗಳು ಮೇಲೇಳುತ್ತವೆ. ಅವುಗಳ ಮೂಲಕ ಬಂದ ಸಿಗ್ನಲ್ ನಡುಗುತ್ತದೆ. ನಕ್ಷತ್ರ ಮಿನುಗುತ್ತದಲ್ಲ, ಹಾಗೆ. ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ರಾತ್ರಿ ಎಂಟರಿಂದ ಮಧ್ಯರಾತ್ರಿಯೊಳಗೆ, ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಇದು ಜಾಸ್ತಿ. ಯುರೋಪಿನವರು ಬರೆದ ಮಾರ್ಗದರ್ಶಿಗಳಲ್ಲಿ ಈ ಮಾತು ಅಷ್ಟಾಗಿ ಸಿಗುವುದಿಲ್ಲ. ಅವರ ತಲೆಯ ಮೇಲೆ ಈ ಗುಳ್ಳೆ ಏಳುವುದಿಲ್ಲವಲ್ಲ.

ಇದಕ್ಕೆ ಆಂಟೆನಾದಲ್ಲಿ ಮದ್ದಿಲ್ಲ. ಅಂಥ ರಾತ್ರಿ 137, 145 ಬಿಟ್ಟು 435ರ ಕಡೆಯ ಉಪಗ್ರಹ ಕೇಳಿ. ಫ್ರೀಕ್ವೆನ್ಸಿ ಏರಿದಷ್ಟೂ ನಡುಕ ಕಡಿಮೆ. ಇಲ್ಲವೇ ಬೆಳಗಿನ ಪಾಸ್‌ಗೆ ಅಲಾರಂ ಇಡಿ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಹಾರಿದ ನಮ್ಮದೇ ಹ್ಯಾಮ್‌ಸ್ಯಾಟ್ 2014ರವರೆಗೆ ದುಡಿಯಿತು. ಅದರ ಕೆಳಮುಖ ಸಿಗ್ನಲ್ ಕೂಡ 145.9ರ ಸುತ್ತಲೇ ಇತ್ತು, ಅಂದರೆ ಈ ನಡುಕ ಜಾಸ್ತಿ ತಟ್ಟುವ ಕಡೆಯೇ.

ಮಳೆ ನಿಜವಾಗಿಯೂ ತಿನ್ನುವ ಜಾಗ

ಇಷ್ಟು ಹೊತ್ತು ಮಳೆಯ ಪರ ವಾದಿಸಿದೆ. 10 ಗಿಗಾಹರ್ಟ್ಸ್‌ಗೆ ಹೋದರೆ ವಾದ ಸೋಲುತ್ತದೆ. ಅಲ್ಲಿ ಅಲೆ ಮೂರು ಸೆಂಟಿಮೀಟರ್ ಕೂಡ ಇಲ್ಲ, ಹನಿ ಲೆಕ್ಕಕ್ಕೆ ಬರುತ್ತದೆ.

ಕ್ಯೂಒ-100 ಎನ್ನುವ ಹ್ಯಾಮ್ ಟ್ರಾನ್ಸ್‌ಪಾಂಡರ್ (ಬಂದ ಸಿಗ್ನಲ್ಲನ್ನು ಬೇರೆ ಫ್ರೀಕ್ವೆನ್ಸಿಯಲ್ಲಿ ಮರಳಿಸುವ ಉಪಕರಣ) 2018ರ ನವೆಂಬರ್‌ನಲ್ಲಿ ಹಾರಿದ ಕತಾರಿನ ಎಸ್‌ಹೇಲ್-2 ಉಪಗ್ರಹದಲ್ಲಿದೆ. ಇದು ಓಡುವುದಿಲ್ಲ, 25.9 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತೇ ಇರುತ್ತದೆ. ಹಳೆಯ ಡಿಟಿಎಚ್ ಡಿಶ್ಶು, 9,750 ಮೆಗಾಹರ್ಟ್ಸ್‌ನ ಮಾಮೂಲಿ ಎಲ್‌ಎನ್‌ಬಿ (ಡಿಶ್‌ನ ಮುಂದಿರುವ ಮೂತಿ, ಬಂದ ಫ್ರೀಕ್ವೆನ್ಸಿಯಿಂದ 9,750 ಕಳೆದು ಕೆಳಗೆ ಕಳಿಸುತ್ತದೆ), ಒಂದು ಡಾಂಗಲ್, ಎಲ್‌ಎನ್‌ಬಿಗೆ ವೋಲ್ಟೇಜ್ ಕೊಡುವ ಪೆಟ್ಟಿಗೆ ಇದ್ದರೆ ಕೇಳಬಹುದು. ನಡುವಿನ ಬೀಕನ್, ಅಂದರೆ ಸದಾ ಬರುತ್ತಿರುವ ಗುರುತಿನ ಸಿಗ್ನಲ್, 10,489.750ರಲ್ಲಿದೆ, ಡಾಂಗಲ್‌ನಲ್ಲಿ ಅದು 739.750 ಆಗಿ ಕಾಣುತ್ತದೆ.

ಬೆಂಗಳೂರಿನಿಂದ ಲೆಕ್ಕ ಹಾಕಿದರೆ ಡಿಶ್ ತಿರುಗಬೇಕಾದ್ದು ಸುಮಾರು 260 ಡಿಗ್ರಿಗೆ, ಅಂದರೆ ಪಶ್ಚಿಮದಿಂದ ತುಸು ದಕ್ಷಿಣಕ್ಕೆ. ಎತ್ತರ ಸುಮಾರು 30 ಡಿಗ್ರಿ. ಉಪಗ್ರಹ ಇಷ್ಟು ಪಶ್ಚಿಮಕ್ಕೆ ಇರುವುದರಿಂದ ಅದರ ಅಲೆ ನಮಗೆ 74 ಡಿಗ್ರಿಯಷ್ಟು ಓರೆಯಾಗಿ ಬರುತ್ತದೆ. ಅಲ್ಲಿ ನಿಂತದ್ದು ಇಲ್ಲಿ ಬಹುಪಾಲು ಮಲಗಿರುತ್ತದೆ. ಎಲ್‌ಎನ್‌ಬಿ ನಿಂತ ಅಲೆಯನ್ನು 13 ವೋಲ್ಟ್‌ನಲ್ಲಿ, ಮಲಗಿದ ಅಲೆಯನ್ನು 18 ವೋಲ್ಟ್‌ನಲ್ಲಿ ಹಿಡಿಯುತ್ತದೆ. ಪುಸ್ತಕದಲ್ಲಿ 13 ವೋಲ್ಟ್ ಅಂತ ಬರೆದಿದೆ ಎಂದು ಅಷ್ಟಕ್ಕೇ ಕೂರಬೇಡಿ. ಎಲ್‌ಎನ್‌ಬಿ ತಿರುಗಿಸದೆ 18 ವೋಲ್ಟ್ ಹಾಕಿಯೂ ನೋಡಿ. ಬೀಕನ್ ಎದ್ದು ಕಂಡ ಮೇಲೆ ಎಲ್‌ಎನ್‌ಬಿಯನ್ನು ಚೂರು ಚೂರು ತಿರುಗಿಸಿ ಹದ ಮಾಡಿ.

ಈಗ ಆ ದಿಕ್ಕನ್ನು ಮತ್ತೊಮ್ಮೆ ನೋಡಿ. ಮುಂಗಾರು ಬರುವುದೂ ಅಲ್ಲಿಂದಲೇ. ನಿಮ್ಮ ತಾರಸಿಯಲ್ಲಿ ಬಿಸಿಲಿದ್ದರೂ ಡಿಶ್ ನೋಡುವ ದಾರಿಯಲ್ಲಿ ಕೆಲವು ಕಿಲೋಮೀಟರ್ ಆಚೆ ಸುರಿಯುತ್ತಿರಬಹುದು. ಗಂಟೆಗೆ 50 ಮಿಲಿಮೀಟರ್ ಮಳೆಯಾದರೆ ಕಿಲೋಮೀಟರಿಗೆ ಸುಮಾರು ಒಂದೂವರೆ ಡೆಸಿಬೆಲ್ ಹೋಗುತ್ತದೆ. ಅದರ ಮೇಲೆ ತಣ್ಣನೆ ಆಕಾಶದ ಬದಲು ಬೆಚ್ಚಗಿನ ಮಳೆಯನ್ನು ನೋಡುವ ಎಲ್‌ಎನ್‌ಬಿಗೆ ಗದ್ದಲವೂ ಜಾಸ್ತಿ. ಸಿಗ್ನಲ್ ಇಳಿಯುತ್ತದೆ, ಸದ್ದು ಏರುತ್ತದೆ, ಎರಡೂ ಕಡೆಯಿಂದ ಪೆಟ್ಟು. ದೊಡ್ಡ ಡಿಶ್ ಸ್ವಲ್ಪ ತಡೆಯುತ್ತದೆ. 60ರ ಬದಲು 90 ಸೆಂಟಿಮೀಟರಿನದ್ದು ಹಾಕಿದರೆ ಮೂರೂವರೆ ಡೆಸಿಬೆಲ್ ಲಾಭ. ಎಲ್‌ಎನ್‌ಬಿ ಮೂತಿಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕೂತ ಹನಿ ಕೂಡ ಕಾಟ ಕೊಡುತ್ತದೆ. ಹಳೆಯ ಬಟ್ಟೆಯಲ್ಲಿ ಅದನ್ನು ಒರೆಸಿದಾಗ ಪರದೆಯ ಮೇಲೆ ಬೀಕನ್ ಗೆರೆ ತುಸು ಮೇಲೇಳುವುದು ಕಣ್ಣಿಗೇ ಕಾಣುತ್ತದೆ.

ಗುಡುಗು ಕೇಳಿಸಿದರೆ

ಇಲ್ಲಿ ಪ್ರಯೋಗ ಬೇಡ. ಮಿಂಚಿದ ಮೇಲೆ ಎಣಿಸಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಮಿಂಚು ಹತ್ತು ಕಿಲೋಮೀಟರ್ ಸುತ್ತಿನಲ್ಲೇ ಇದೆ. ಕೈಯಲ್ಲಿನ ಯಾಗಿ ಕೆಳಗಿಟ್ಟು ಒಳಗೆ ಬನ್ನಿ. ಕಂಬದ ಆಂಟೆನಾದ ಕೇಬಲನ್ನು ರೇಡಿಯೋದಿಂದ ಬಿಚ್ಚಿಟ್ಟರೆ ಸಾಲದು. ತುದಿ ಮೇಜಿನ ಮೇಲೆ ಬಿದ್ದಿದ್ದರೆ ಮಿಂಚು ಮನೆಯೊಳಗೇ ಬಂದ ಹಾಗೆ. ಕಿಟಕಿಯ ಹೊರಗೇ ಒಂದು ಜೋಡಣೆ ಇಟ್ಟುಕೊಂಡು ಅಲ್ಲಿ ಬಿಚ್ಚಿ. ಇದನ್ನು ಮಾಡಬೇಕಾದ್ದು ಮೋಡ ಕಟ್ಟುವಾಗ, ಗುಡುಗು ಶುರುವಾದ ಮೇಲೆ ಕೇಬಲ್ ಮುಟ್ಟಲೇಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಬೇಸಿಗೆ ಮಳೆಯ ಹೊತ್ತಿನಲ್ಲಿ ನಾನು ಮಧ್ಯಾಹ್ನ ಮೂರಕ್ಕೇ ಬಿಚ್ಚಿಡುತ್ತೇನೆ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಿರಿ. ನಿಲ್ದಾಣಕ್ಕೆ ಭೂಮಿಯನ್ನು ಒಂದು ಸುತ್ತು ಬರಲು 93 ನಿಮಿಷ ಸಾಕು. ಎಷ್ಟೋ ಸಲ ಮುಂದಿನ ಸುತ್ತಿನಲ್ಲೇ ನಮ್ಮ ಕಡೆ ಇನ್ನೊಂದು ಪಾಸ್ ಇರುತ್ತದೆ.